ಕಂಪ್ಯೂಟರ್ ಕಸೂತಿ: ಡಿಸೈನ್ ಫೈಲುಗಳ ಜೋಡಣೆ ಮತ್ತು ಸಾಮಾನ್ಯ ತೊಂದರೆಗಳಿಗೆ ಪರಿಹಾರ

ಮದುವೆ, ಸೀಮಂತ, ಹಬ್ಬದ ದಿನಗಳು ಹತ್ತಿರ ಬಂದರೆ ಹಳ್ಳಿಯ ಟೇಲರ್ ಅಂಗಡಿಯಲ್ಲೂ ರವಿಕೆಗಳ ರಾಶಿ ಬೀಳುತ್ತದೆ. ಕುತ್ತಿಗೆಗೆ ಬಳ್ಳಿ, ತೋಳಿಗೆ ನವಿಲು, ಬೆನ್ನಿಗೆ ಮಾವಿನಕಾಯಿ ಬುಟ್ಟಾ ಕೇಳುವವರು ಹೆಚ್ಚಾದಂತೆ ಕಂಪ್ಯೂಟರ್ ಕಸೂತಿ ಮಷಿನ್ ಗಡಿನಾಡಿನ ಸಣ್ಣ ಊರುಗಳಿಗೂ ಬಂದಿದೆ. ಸಾಲ ಮಾಡಿ ಮಷಿನ್ ತಂದವರಿದ್ದಾರೆ, ಸ್ವಸಹಾಯ ಸಂಘದ ನೆರವಿನಿಂದ ಕೊಂಡ ಮಹಿಳೆಯರಿದ್ದಾರೆ. ಮಷಿನ್ ಓಡಿಸಲು ಕೆಲವೇ ದಿನಗಳಲ್ಲಿ ಕಲಿಯಬಹುದು. ನಷ್ಟವಾಗುವುದು ಬೇರೆ ಕಡೆ.

ಸೀರೆಯ ಜೊತೆ ಬರುವ ರವಿಕೆ ತುಂಡು ಒಂದೇ ಇರುತ್ತದೆ. ಅದು ಹಾಳಾದರೆ ಅದೇ ಬಣ್ಣದ, ಅದೇ ಅಂಚಿನ ಇನ್ನೊಂದು ತುಂಡು ಅಂಗಡಿಯಲ್ಲಿ ಸಿಗುವುದಿಲ್ಲ. ರೇಷ್ಮೆಯ ಮೇಲೆ ತಪ್ಪಾಗಿ ಬಿದ್ದ ಹೊಲಿಗೆ ಬಿಚ್ಚಿದರೂ ಸೂಜಿಯ ತೂತು ಉಳಿಯುತ್ತದೆ. ಕೂಲಿಯೂ ಹೋಯಿತು, ಬಟ್ಟೆಯ ಬೆಲೆಯೂ ಕೈಬಿಟ್ಟಿತು, ಗಿರಾಕಿಯ ವಿಶ್ವಾಸವೂ ಹೋಯಿತು. ಇಂಥ ನಷ್ಟಕ್ಕೆ ಮಷಿನಿನ ದೋಷಕ್ಕಿಂತ ಸಾಮಾನ್ಯವಾಗಿ ಎರಡು ಸಂಗತಿಗಳು ಕಾರಣ. ಒಂದು, ಯಾವ ಫೈಲು ಯಾವುದೆಂಬ ಗೊಂದಲ. ಎರಡು, ತೊಂದರೆ ಬಂದಾಗ ಎಲ್ಲಿಂದ ಹುಡುಕಬೇಕೆಂಬ ಕ್ರಮ ತಿಳಿಯದಿರುವುದು. ಇವೆರಡಕ್ಕೂ ಹೆಚ್ಚು ಹಣ ಬೇಕಿಲ್ಲ, ಶಿಸ್ತು ಸಾಕು.

ಡಿಸೈನ್ ಫೈಲು ಎಂದರೇನು?

ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ 1863ರಲ್ಲಿ ಶಿಫ್ಲಿ ಎಂಬ ಕಸೂತಿ ಯಂತ್ರವನ್ನು ರೂಪಿಸಿದ. ಮುಂದೆ ತೂತು ಹೊಡೆದ ಕಾಗದದ ಪಟ್ಟಿಯಿಂದ ಯಂತ್ರಕ್ಕೆ ಡಿಸೈನ್ ಕೊಡುವ ಪದ್ಧತಿ ಬಂತು. ಕಾಗದದ ಪಟ್ಟಿ ಹೋಗಿ ಫ್ಲಾಪಿ ಬಂತು, ಫ್ಲಾಪಿ ಹೋಗಿ ಪೆನ್‌ಡ್ರೈವ್ ಬಂತು. ಆದರೂ ಡಿಸೈನ್ ತಯಾರಿಸುವ ಕೆಲಸವನ್ನು ಈ ಕಸುಬಿನವರು ಇಂದಿಗೂ 'ಪಂಚಿಂಗ್' ಎಂದೇ ಕರೆಯುತ್ತಾರೆ.

ಡಿಸೈನ್ ಫೈಲು ಚಿತ್ರವಲ್ಲ. ಸೂಜಿ ಮುಂದೆ ಎಲ್ಲಿಗೆ ಹೋಗಬೇಕು, ಎಲ್ಲಿ ಬಣ್ಣ ಬದಲಿಸಬೇಕು, ಎಲ್ಲಿ ನಿಲ್ಲಬೇಕು ಎಂಬ ಆಜ್ಞೆಗಳ ಪಟ್ಟಿ ಅದು. ಹಾಗಾಗಿ ಫೋಟೋ ಅಥವಾ ಜೆಪಿಜಿ ಚಿತ್ರವನ್ನು ಪೆನ್‌ಡ್ರೈವಿಗೆ ಹಾಕಿದರೆ ಸಾಮಾನ್ಯ ಕಸೂತಿ ಮಷಿನ್ ಅದನ್ನು ಹೊಲಿಯುವುದಿಲ್ಲ. ಚಿತ್ರವನ್ನು ತಂತ್ರಾಂಶದಲ್ಲಿ ಹೊಲಿಗೆಯಾಗಿ ಪಂಚ್ ಮಾಡಬೇಕು.

ಫೈಲುಗಳಲ್ಲಿ ಎರಡು ಬಗೆ.

ಮೂಲ ಫೈಲು: ಪಂಚಿಂಗ್ ತಂತ್ರಾಂಶದ ಸ್ವಂತ ಫೈಲು. ವಿಲ್ಕಾಮ್ ತಂತ್ರಾಂಶದ ಇಎಂಬಿ ಇದಕ್ಕೆ ಉದಾಹರಣೆ. ಇದರಲ್ಲಿ ಆಕಾರ, ಹೊಲಿಗೆಯ ಬಗೆ, ಸಾಲುಗಳ ಅಂತರ, ಬಣ್ಣ ಎಲ್ಲವೂ ಪ್ರತ್ಯೇಕವಾಗಿರುತ್ತವೆ. ತಿದ್ದಬಹುದು, ಅಳತೆ ಬದಲಿಸಬಹುದು.

ಮಷಿನ್ ಫೈಲು: ಮಷಿನ್ ಓದುವ ಫೈಲು. ತಾಜಿಮಾ ಕಂಪನಿಯ ಡಿಎಸ್‌ಟಿ, ಬ್ರದರ್‌ನ ಪಿಇಎಸ್, ಜನೋಮೆಯ ಜೆಇಎಫ್, ಮೆಲ್ಕೋದ ಇಎಕ್ಸ್‌ಪಿ ಈ ಗುಂಪಿನವು. ಅನೇಕ ಸೂಜಿಗಳ ವಾಣಿಜ್ಯ ಮಷಿನುಗಳು ಯಾವ ಕಂಪನಿಯವಾದರೂ ಡಿಎಸ್‌ಟಿ ಓದುವುದು ಸಾಮಾನ್ಯ.

ಡಿಎಸ್‌ಟಿ ಫೈಲಿನಲ್ಲಿ ದಾರದ ಬಣ್ಣವೇ ಇರುವುದಿಲ್ಲ. 'ಇಲ್ಲಿ ಬಣ್ಣ ಬದಲಿಸು' ಎಂಬ ಸೂಚನೆ ಮಾತ್ರ ಇರುತ್ತದೆ. ಆದ್ದರಿಂದ ತೆರೆಯ ಮೇಲೆ ಹಸಿರು ನವಿಲು ಕೆಂಪಾಗಿ ಕಂಡರೆ ಫೈಲು ಕೆಟ್ಟಿದೆ ಎಂದಲ್ಲ. ಬಣ್ಣಗಳ ಕ್ರಮವನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು. ಡಿಎಸ್‌ಟಿಯಲ್ಲಿ ಒಂದೊಂದು ಆಜ್ಞೆಗೆ 3 ಬೈಟ್ ಮಾತ್ರ ಬೇಕು. 10,000 ಹೊಲಿಗೆಯ ಡಿಸೈನ್ ಸುಮಾರು 30 ಕೆಬಿ. ಸಾವಿರಾರು ಡಿಸೈನುಗಳು ಒಂದು ಸಣ್ಣ ಪೆನ್‌ಡ್ರೈವಿನಲ್ಲಿ ಹಿಡಿಯುತ್ತವೆ. ಜಾಗದ ಕೊರತೆ ಎಂದೂ ಬರುವುದಿಲ್ಲ, ಬೇಕಾದಾಗ ಬೇಕಾದದ್ದು ಸಿಗದಿರುವುದೇ ಕಷ್ಟ.

ಹಣ ಕೊಟ್ಟು ಪಂಚಿಂಗ್ ಮಾಡಿಸುವವರು ಮಷಿನ್ ಫೈಲಿನ ಜೊತೆ ಮೂಲ ಫೈಲನ್ನೂ ಕೇಳಿ ಪಡೆಯುವುದು ಒಳಿತು. ಎಲ್ಲರೂ ಕೊಡುವುದಿಲ್ಲ. ದರ ಮಾತಾಡುವಾಗಲೇ ಇದನ್ನು ತೀರ್ಮಾನಿಸಿಕೊಳ್ಳಬೇಕು.

ಅಳತೆ ಬದಲಿಸುವಾಗ ಎಚ್ಚರ

ತಾಯಿಯ ರವಿಕೆಯ ಡಿಸೈನನ್ನೇ ಮಗಳ ಲಂಗಕ್ಕೆ ಚಿಕ್ಕದು ಮಾಡಿ ಹಾಕುವಂತೆ ಗಿರಾಕಿಗಳು ಕೇಳುವುದುಂಟು. ಮಷಿನ್ ಫೈಲನ್ನು ಚಿಕ್ಕದು ಮಾಡಿದಾಗ, ಹೊಲಿಗೆಯನ್ನು ಮರುಲೆಕ್ಕ ಮಾಡದ ಮಷಿನುಗಳಲ್ಲಿ ಹೊಲಿಗೆಯ ಸಂಖ್ಯೆ ಹಾಗೆಯೇ ಉಳಿಯುತ್ತದೆ. 40ನೇ ನಂಬರ್ ದಾರಕ್ಕೆ ಸಾಲುಗಳ ನಡುವೆ ಸಾಮಾನ್ಯವಾಗಿ 0.4 ಮಿ.ಮೀ. ಅಂತರ ಇಡುತ್ತಾರೆ. ಡಿಸೈನನ್ನು ಅರ್ಧಕ್ಕೆ ಇಳಿಸಿದರೆ ಅಂತರ 0.2 ಮಿ.ಮೀ. ಆಗುತ್ತದೆ. ದಾರದ ಮೇಲೆ ದಾರ ಕೂತು ಬಟ್ಟೆ ಗಟ್ಟಿಯಾಗುತ್ತದೆ, ಸೂಜಿ ಮುರಿಯುತ್ತದೆ. ಒಂದೂವರೆ ಪಟ್ಟು ದೊಡ್ಡದು ಮಾಡಿದರೆ ಅಂತರ 0.6 ಮಿ.ಮೀ. ಆಗಿ ನಡುವೆ ಬಟ್ಟೆ ಕಾಣುತ್ತದೆ. ಮಷಿನ್ ಫೈಲನ್ನು ನೂರಕ್ಕೆ 10ಕ್ಕಿಂತ ಹೆಚ್ಚು ಹಿಗ್ಗಿಸದೆ, ಕುಗ್ಗಿಸದೆ ಇರುವುದು ಸುರಕ್ಷಿತ. ಹೆಚ್ಚು ಬದಲಾವಣೆ ಬೇಕಿದ್ದರೆ ಮೂಲ ಫೈಲಿನಲ್ಲೇ ಮಾಡಬೇಕು.

ಫೈಲಿಗೆ ಅಂಕಿಯ ಹೆಸರು

ಗಡಿನಾಡಿನ ಅಂಗಡಿಗೆ ಒಂದೇ ಭಾಷೆಯ ಗಿರಾಕಿಗಳು ಬರುವುದಿಲ್ಲ. ಮಾವಿನಕಾಯಿ ಡಿಸೈನನ್ನು ಸೋಲಾಪುರ, ಅಕ್ಕಲಕೋಟೆ, ಜತ್ ಕಡೆ ಮರಾಠಿಯವರು ಕೋಯರಿ ಎನ್ನುತ್ತಾರೆ. ಆದೋನಿ, ರಾಯದುರ್ಗ, ಮಡಕಶಿರಾ ಕಡೆ ತೆಲುಗಿನವರು ಮಾಮಿಡಿ ಪಿಂದೆ ಎನ್ನುತ್ತಾರೆ. ಹೊಸೂರು, ತಾಳವಾಡಿ ಕಡೆ ತಮಿಳಿನವರು ಮಾಂಗಾ ಎಂದು ಕೇಳುತ್ತಾರೆ. ನವಿಲು ಒಬ್ಬರಿಗೆ ಮೋರ, ಒಬ್ಬರಿಗೆ ನೆಮಲಿ, ಇನ್ನೊಬ್ಬರಿಗೆ ಮಯಿಲ್. ಅಂಗಡಿಯಲ್ಲಿ ಇಬ್ಬರು ಕೆಲಸ ಮಾಡುತ್ತಿದ್ದು ಒಬ್ಬೊಬ್ಬರು ಒಂದೊಂದು ಹೆಸರಿನಲ್ಲಿ ಫೈಲು ಉಳಿಸಿದರೆ ಒಂದೇ ಡಿಸೈನ್ ನಾಲ್ಕು ಕಡೆ ಸೇರುತ್ತದೆ. ಯಾವುದು ತಿದ್ದಿದ್ದು, ಯಾವುದು ಹಳೆಯದು ಎಂದು ಆಮೇಲೆ ಗೊತ್ತಾಗುವುದಿಲ್ಲ. ಅಲ್ಲದೆ ಅನೇಕ ಮಷಿನುಗಳು ಕನ್ನಡ ಲಿಪಿಯ ಹೆಸರನ್ನು ಓದುವುದಿಲ್ಲ, ಹಳೆಯವು ಉದ್ದ ಹೆಸರನ್ನೂ ಒಪ್ಪುವುದಿಲ್ಲ.

ಇದಕ್ಕೆ ಸುಲಭ ಉಪಾಯ ಅಂಕಿ. ಐದು ಅಂಕಿಯ ಹೆಸರು ಯಾವ ಮಷಿನಿನಲ್ಲೂ ಕಾಣುತ್ತದೆ, ಯಾವ ಭಾಷೆಯವರೂ ಓದಬಹುದು.

ಮೊದಲ ಅಂಕಿ, ಡಿಸೈನ್ ಕೂರುವ ಜಾಗ: 1 ಕುತ್ತಿಗೆ, 2 ತೋಳು, 3 ಬೆನ್ನು, 4 ಬುಟ್ಟಾ, 5 ಅಂಚು, 6 ದೇವರು ಮತ್ತು ಹಬ್ಬ, 7 ಮಕ್ಕಳ ಬಟ್ಟೆ, 8 ಅಕ್ಷರ ಮತ್ತು ಲಾಂಛನ, 9 ಪರೀಕ್ಷೆ.

ನಡುವಿನ ಮೂರು ಅಂಕಿ, ಕ್ರಮಸಂಖ್ಯೆ: 001ರಿಂದ 999ರವರೆಗೆ. ಒಂದೇ ಜೋಡಿಯ ಡಿಸೈನುಗಳಿಗೆ ಒಂದೇ ಕ್ರಮಸಂಖ್ಯೆ ಕೊಡಬೇಕು.

ಕೊನೆಯ ಅಂಕಿ, ರೂಪ: 0 ಎಂದರೆ ಮೊದಲ ರೂಪ. ತಿರುಗಿಸಿದ್ದು, ಚಿಕ್ಕದು ಮಾಡಿದ್ದು, ತಿದ್ದಿದ್ದು 1, 2, 3 ಎಂದು ಮುಂದುವರಿಯುತ್ತದೆ.

ಈ ಲೆಕ್ಕದಲ್ಲಿ 10230 ಎಂದರೆ 23ನೇ ಜೋಡಿಯ ಕುತ್ತಿಗೆ, 20230 ಅದರದೇ ಬಲತೋಳು, 20231 ಕನ್ನಡಿಯಂತೆ ತಿರುಗಿಸಿದ ಎಡತೋಳು. ಎರಡೂ ತೋಳಿನ ನವಿಲುಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುವ ತಪ್ಪು ಇದರಿಂದಲೇ ತಪ್ಪುತ್ತದೆ.

ಕಂಪ್ಯೂಟರಿನಲ್ಲಿ ಮೂರು ಫೋಲ್ಡರ್ ಸಾಕು. 'ಮೂಲ' ಎಂಬುದರಲ್ಲಿ ತಿದ್ದಬಲ್ಲ ಫೈಲುಗಳು. 'ಮಷಿನ್' ಎಂಬುದರಲ್ಲಿ ಒಮ್ಮೆಯಾದರೂ ಹೊಲಿದು ನೋಡಿ ಸರಿ ಎಂದು ಖಚಿತವಾದವು. 'ಹೊಸದು' ಎಂಬುದರಲ್ಲಿ ಇನ್ನೂ ಹೊಲಿದು ನೋಡದವು. ಸಾವಿರಾರು ಡಿಸೈನ್ ತುಂಬಿದ ಪೆನ್‌ಡ್ರೈವುಗಳು ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಅವುಗಳಲ್ಲಿ ಯಾರು, ಯಾವ ಬಟ್ಟೆಗೆಂದು ಪಂಚ್ ಮಾಡಿದ್ದಾರೆ ಎಂಬುದು ತಿಳಿಯುವುದಿಲ್ಲ. ಹೊಲಿದು ನೋಡುವ ತನಕ ಅವೆಲ್ಲ 'ಹೊಸದು' ಫೋಲ್ಡರಿನಲ್ಲೇ ಇರಬೇಕು. ಗಿರಾಕಿಯ ಬಟ್ಟೆಗೆ ನೇರವಾಗಿ ಹೋಗಬಾರದು.

ನೋಂದಣಿ ಪುಸ್ತಕ

ಅಂಕಿ ಮಾತ್ರ ಇದ್ದರೆ ನೆನಪಿಗೆ ಬಾರದು. ಅದಕ್ಕೆ ಒಂದು ಉದ್ದ ನೋಟ್‌ಬುಕ್ ಇರಲಿ. ಪ್ರತಿ ಡಿಸೈನಿಗೆ ಒಂದು ಸಾಲು. ಬರೆಯಬೇಕಾದದ್ದು ಇಷ್ಟು:

- ಅಂಕಿ, ಕನ್ನಡದ ಹೆಸರು, ಗಿರಾಕಿಗಳು ಕರೆಯುವ ಬೇರೆ ಹೆಸರುಗಳು
- ಅಗಲ, ಎತ್ತರ ಮಿ.ಮೀ. ಲೆಕ್ಕದಲ್ಲಿ, ಬೇಕಾದ ಫ್ರೇಮ್
- ಹೊಲಿಗೆಯ ಸಂಖ್ಯೆ
- ಬಣ್ಣಗಳ ಕ್ರಮ, ದಾರದ ಶೇಡ್ ನಂಬರ್ ಸಹಿತ
- ಯಾವ ಬಟ್ಟೆ, ಯಾವ ಪೇಪರ್, ಯಾವ ಸೂಜಿ, ಎಷ್ಟು ವೇಗ
- ಎಲ್ಲಿಂದ ಬಂದದ್ದು: ಕೊಂಡದ್ದೇ, ಮಾಡಿಸಿದ್ದೇ

ಹೊಲಿದ ಮಾದರಿ ತುಂಡಿನ ಮೂಲೆಗೆ ಅದೇ ಅಂಕಿ ಬರೆದು ಫೈಲಿನಲ್ಲಿ ಹಾಕಿಟ್ಟರೆ ಗಿರಾಕಿಗೆ ತೋರಿಸಲು ಆಲ್ಬಮ್ ತಾನಾಗಿಯೇ ಸಿದ್ಧವಾಗುತ್ತದೆ. ಗಿರಾಕಿ ಬೆರಳಿಟ್ಟು ತೋರಿಸಿದರೆ ಸಾಕು, ಭಾಷೆಯ ತೊಡಕಿಲ್ಲ.

ಹೊಲಿಗೆಯ ಸಂಖ್ಯೆ ಗೊತ್ತಿದ್ದರೆ ದರ ಹೇಳುವುದೂ ಸುಲಭ. 24,000 ಹೊಲಿಗೆಯ ಡಿಸೈನಿಗೆ ನಿಮಿಷಕ್ಕೆ 600 ಹೊಲಿಗೆಯ ವೇಗದಲ್ಲಿ 40 ನಿಮಿಷ ಬೇಕು. ಒಂದೇ ಸೂಜಿಯ ಮಷಿನಾದರೆ ಪ್ರತಿ ಬಣ್ಣಕ್ಕೂ ದಾರ ಬದಲಿಸುವ ಸಮಯವನ್ನು ಕೂಡಿಸಬೇಕು. ಅಂದಾಜಿನ ಮೇಲೆ ದರ ಹೇಳಿ ನಷ್ಟಪಡುವುದು ತಪ್ಪುತ್ತದೆ.

ಪ್ರತಿ ಉಳಿಸುವುದು

ಪೆನ್‌ಡ್ರೈವ್ ಸಾಗಿಸುವ ಚೀಲವೇ ಹೊರತು ಕೂಡಿಡುವ ಪೆಟ್ಟಿಗೆಯಲ್ಲ. ಅದು ಕಳೆಯುತ್ತದೆ, ಕೆಡುತ್ತದೆ. ಹತ್ತಾರು ಕಂಪ್ಯೂಟರುಗಳಿಗೆ ಹಾಕಿದರೆ ವೈರಸ್ ಹಿಡಿಯುತ್ತದೆ. ಎಲ್ಲ ಡಿಸೈನುಗಳೂ ಮೂರು ಕಡೆ ಇರಬೇಕು: ಕಂಪ್ಯೂಟರಿನಲ್ಲಿ, ಬೇರೆ ಕಡೆ ಇಟ್ಟ ಹಾರ್ಡ್‌ಡಿಸ್ಕಿನಲ್ಲಿ, ಇಂಟರ್ನೆಟ್ ಸಂಗ್ರಹದಲ್ಲಿ. ಗೂಗಲ್ ಖಾತೆಯೊಂದಿಗೆ ಉಚಿತವಾಗಿ ಸಿಗುವ ಜಾಗವೇ ಸಣ್ಣ ಅಂಗಡಿಗೆ ಧಾರಾಳ. ವಾರಕ್ಕೊಂದು ದಿನ ನಿಗದಿ ಮಾಡಿಕೊಂಡು ಪ್ರತಿ ತೆಗೆಯುವುದು ಉತ್ತಮ. ನೋಂದಣಿ ಪುಸ್ತಕದ ಪುಟಗಳ ಫೋಟೋ ತೆಗೆದು ಅದರ ಜೊತೆಗೇ ಇಡಬೇಕು.

ವಾಟ್ಸಾಪ್ ಮೂಲಕ ಡಿಸೈನ್ ಕಳುಹಿಸುವಾಗ ಡಾಕ್ಯುಮೆಂಟ್ ಎಂದೇ ಕಳುಹಿಸಬೇಕು. ತೆರೆಯ ಫೋಟೋ ತೆಗೆದು ಕಳುಹಿಸಿದರೆ ಹೊಲಿಗೆಯ ಆಜ್ಞೆಗಳು ಹೋಗುವುದಿಲ್ಲ.

ಮಷಿನಿನಲ್ಲಿ ಡಿಸೈನ್ ಕಾಣದಿದ್ದರೆ

ಈ ಕ್ರಮದಲ್ಲಿ ಪರೀಕ್ಷಿಸಬೇಕು. ಫೈಲು ಮಷಿನ್ ಓದುವ ಬಗೆಯದೇ? ಜಿಪ್ ಆಗಿ ಬಂದದ್ದನ್ನು ಬಿಚ್ಚದೆ ಹಾಕಲಾಗಿದೆಯೇ? ಡಿಸೈನ್ ಫ್ರೇಮಿಗಿಂತ ದೊಡ್ಡದೇ? 100 ಮಿ.ಮೀ. ಚೌಕದ ಫ್ರೇಮ್ ಇರುವ ಮಷಿನಿಗೆ 102 ಮಿ.ಮೀ. ಡಿಸೈನ್ ಹಾಕಿದರೂ ಕೆಲವು ಮಷಿನುಗಳು ಅದನ್ನು ತೋರಿಸುವುದೇ ಇಲ್ಲ. ಹೆಸರು ಉದ್ದವಾಗಿದೆಯೇ, ಅದರಲ್ಲಿ ಚಿಹ್ನೆಗಳಿವೆಯೇ? ಫೋಲ್ಡರಿನೊಳಗೆ ಫೋಲ್ಡರ್ ಇದೆಯೇ? ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದೆಯೇ? ಹಳೆಯ ಮಷಿನುಗಳು ದೊಡ್ಡ ಸಾಮರ್ಥ್ಯದ ಪೆನ್‌ಡ್ರೈವ್ ಓದದಿರಬಹುದು, ಅವಕ್ಕೆ ಕಡಿಮೆ ಸಾಮರ್ಥ್ಯದ್ದೊಂದನ್ನು ಬೇರೆಯಾಗಿ ಇಡಬೇಕು. ಪಿಇಎಸ್ ಫೈಲಿನಲ್ಲಿ ಹಲವು ಆವೃತ್ತಿಗಳಿವೆ. ಹೊಸ ಆವೃತ್ತಿಯನ್ನು ಹಳೆಯ ಮಷಿನ್ ಓದದಿದ್ದರೆ ತಂತ್ರಾಂಶದಲ್ಲಿ ಹಳೆಯ ಆವೃತ್ತಿಯಾಗಿ ಉಳಿಸಿ ನೋಡಬೇಕು.

ಒಂದು ಬಗೆಯಿಂದ ಇನ್ನೊಂದು ಬಗೆಗೆ ಫೈಲು ಬದಲಿಸಲು ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ. ಇಂಕ್‌ಸ್ಕೇಪ್ ಜೊತೆ ಕೆಲಸ ಮಾಡುವ ಇಂಕ್‌ಸ್ಟಿಚ್ ಉಚಿತ, ಮುಕ್ತ ತಂತ್ರಾಂಶ. ಅದರಲ್ಲಿ ಹೊಸ ಡಿಸೈನ್ ಪಂಚ್ ಮಾಡುವುದನ್ನೂ ಕಲಿಯಬಹುದು.

ತೊಂದರೆ ಫೈಲಿನದೋ, ಮಷಿನಿನದೋ?

ಹೊಲಿಗೆ ಕೆಟ್ಟಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಇದಕ್ಕೆ ಉತ್ತರ ಸಿಗದೆ ಟೆನ್ಶನ್ ತಿರುಪನ್ನು ತಿರುಗಿಸುತ್ತಾ ಹೋದರೆ ಒಂದು ತೊಂದರೆ ಎರಡಾಗುತ್ತದೆ.

ಅದಕ್ಕಾಗಿಯೇ ಪರೀಕ್ಷೆಯ ಡಿಸೈನ್ ಒಂದು ಇರಬೇಕು. ಮೇಲಿನ ಕ್ರಮದಲ್ಲಿ 9ರಿಂದ ಶುರುವಾಗುವ ಅಂಕಿ ಅದಕ್ಕೇ ಮೀಸಲು. ಒಂದು ಚೌಕ, ಅದರ ಸುತ್ತ ಗೆರೆ, ಒಂದು ಅಗಲ ಸ್ಯಾಟಿನ್ ಪಟ್ಟಿ, ಎರಡು ಅಕ್ಷರ ಇರುವ ಸಣ್ಣ ಡಿಸೈನ್ ಸಾಕು. ಮಷಿನ್ ಚೆನ್ನಾಗಿ ಓಡುತ್ತಿರುವ ದಿನ ಅದನ್ನು ಗಟ್ಟಿ ಕಾಟನ್ ಬಟ್ಟೆಯ ಮೇಲೆ ಹೊಲಿದು ದಿನಾಂಕ ಬರೆದು ಇಡಬೇಕು. ತೊಂದರೆ ಬಂದ ದಿನ ಅದೇ ಡಿಸೈನನ್ನು ಅದೇ ಬಗೆಯ ಬಟ್ಟೆಯ ಮೇಲೆ ಹೊಲಿಯಬೇಕು. ಅದು ಸರಿಯಾಗಿ ಬಂದರೆ ದೋಷ ಹೊಸ ಫೈಲಿನಲ್ಲಿದೆ, ಇಲ್ಲವೇ ಗಿರಾಕಿಯ ಬಟ್ಟೆಗೆ ಪೇಪರ್, ಸೂಜಿ ಹೊಂದಿಲ್ಲ. ಅದೂ ಕೆಟ್ಟರೆ ದೋಷ ಮಷಿನ್, ದಾರ ಅಥವಾ ಸೂಜಿಯಲ್ಲಿದೆ.

ಇನ್ನೊಂದು ಗುರುತು ಇದೆ. ದಾರ ಪ್ರತಿ ಸಲವೂ ಒಂದೇ ಜಾಗದಲ್ಲಿ ತುಂಡಾದರೆ ಫೈಲನ್ನು ಅನುಮಾನಿಸಬೇಕು. ಅಲ್ಲಿ ತೀರ ಸಣ್ಣ ಹೊಲಿಗೆಗಳು ಗುಂಪಾಗಿರುತ್ತವೆ. ಬೇರೆ ಬೇರೆ ಜಾಗದಲ್ಲಿ ತುಂಡಾದರೆ ಸೂಜಿ, ದಾರ, ಟೆನ್ಶನ್ ನೋಡಬೇಕು.

ಸಾಮಾನ್ಯ ತೊಂದರೆಗಳು

ಮೇಲಿನ ದಾರ ತುಂಡಾಗುವುದು: ದಾರವನ್ನು ಪೂರ್ತಿ ತೆಗೆದು ಮತ್ತೆ ಪೋಣಿಸುವುದು ಮೊದಲ ಹೆಜ್ಜೆ. ಎರಡನೆಯದು ಹೊಸ ಸೂಜಿ. ಸೂಜಿ ಕಣ್ಣಿಗೆ ನೆಟ್ಟಗೆ ಕಂಡರೂ ತುದಿ ಮೊಂಡಾಗಿರಬಹುದು, ಕಣ್ಣಿನ ಅಂಚು ಒರಟಾಗಿರಬಹುದು. ಸುಮಾರು 8 ಗಂಟೆ ಹೊಲಿದ ಮೇಲೆ ಸೂಜಿ ಬದಲಿಸುವುದು ರೂಢಿ. ಸೂಜಿಯ ಬೆಲೆ ರವಿಕೆಯ ಬೆಲೆಯ ಮುಂದೆ ಏನೂ ಅಲ್ಲ. ಮೂರನೆಯದು ವೇಗ ಕಡಿಮೆ ಮಾಡುವುದು. ಕೊನೆಗೆ ಮೇಲಿನ ಟೆನ್ಶನ್ ಸ್ವಲ್ಪ ಸಡಿಲಿಸುವುದು. ಬಿಸಿಲಿಗೆ ಬಿದ್ದ, ಬಹುಕಾಲದ ದಾರ ಎಷ್ಟು ಸರಿಪಡಿಸಿದರೂ ತುಂಡಾಗುತ್ತದೆ. ಕೈಯಿಂದ ಎಳೆದು ಸುಲಭವಾಗಿ ಹರಿದರೆ ಅದನ್ನು ಬಿಡಬೇಕು.

ಜರಿ ದಾರ: ಲೋಹದ ಹೊದಿಕೆಯ ದಾರ ಸಣ್ಣ ಕಣ್ಣಿನಲ್ಲಿ ಉಜ್ಜಿ ಸುಲಿಯುತ್ತದೆ. ಇದಕ್ಕೆ 90/14 ಸೂಜಿ ಅಥವಾ ದೊಡ್ಡ ಕಣ್ಣಿನ ಜರಿ ಸೂಜಿ ಬೇಕು. ನಿಮಿಷಕ್ಕೆ 500ರ ಸುಮಾರಿನ ವೇಗ, ಸಡಿಲ ಟೆನ್ಶನ್ ಇರಲಿ. ಉಂಡೆಯನ್ನು ಮಷಿನಿನಿಂದ ಸ್ವಲ್ಪ ದೂರ ಇಟ್ಟರೆ ದಾರದ ಸುರುಳಿ ಬಿಡಿಸಿಕೊಳ್ಳಲು ಅವಕಾಶ ಸಿಗುತ್ತದೆ.

ಬಟ್ಟೆಯ ಕೆಳಗೆ ದಾರ ಗಂಟಾಗುವುದು: ಗಂಟು ಕೆಳಗೆ ಕಂಡರೂ ಕಾರಣ ಹೆಚ್ಚಾಗಿ ಮೇಲಿರುತ್ತದೆ. ಮನೆಬಳಕೆಯ ಮಷಿನಿನಲ್ಲಿ ಪಾದ ಕೆಳಗಿಳಿದಿರುವಾಗ ದಾರ ಪೋಣಿಸಿದರೆ ಅದು ಟೆನ್ಶನ್ ಬಿಲ್ಲೆಗಳ ನಡುವೆ ಕೂರುವುದಿಲ್ಲ. ಪಾದ ಎತ್ತಿ ಪೋಣಿಸಬೇಕು. ಗಂಟು ಕಂಡ ಕೂಡಲೇ ಫ್ರೇಮನ್ನು ಎಳೆಯಬಾರದು. ಮಷಿನ್ ನಿಲ್ಲಿಸಿ, ಫ್ರೇಮಿನ ಕೆಳಗಿನಿಂದ ದಾರವನ್ನು ಕತ್ತರಿಸಿ ಬಿಡಿಸಬೇಕು.

ಟೆನ್ಶನ್ ನೋಡುವ ಬಗೆ: ಸ್ಯಾಟಿನ್ ಪಟ್ಟಿಯ ಹಿಂಬದಿ ನೋಡಬೇಕು. ನಡುವಿನ ಮೂರನೇ ಒಂದು ಭಾಗ ಬಾಬಿನ್‌ನ ಬಿಳಿ ದಾರ, ಎರಡೂ ಬದಿ ಮೇಲಿನ ಬಣ್ಣದ ದಾರ ಕಂಡರೆ ಸರಿ. ಬಿಳಿ ದಾರ ಕಾಣದಿದ್ದರೆ ಮೇಲಿನದು ಸಡಿಲ ಅಥವಾ ಬಾಬಿನ್ ಬಿಗಿ. ಬಿಳಿ ದಾರ ಬಟ್ಟೆಯ ಮೇಲ್ಭಾಗಕ್ಕೆ ಬಂದರೆ ಮೇಲಿನದು ಬಿಗಿ ಅಥವಾ ಬಾಬಿನ್ ಸಡಿಲ. ಲೋಹದ ಬಾಬಿನ್ ಕೇಸ್ ಇರುವ ಮಷಿನಿನಲ್ಲಿ ದಾರ ಹಿಡಿದು ಕೇಸನ್ನು ತೂಗುಬಿಡಬೇಕು. ಅದು ಹಾಗೇ ನಿಂತು, ಕೈಯನ್ನು ಮೆಲ್ಲನೆ ಜಗ್ಗಿದಾಗ ಸ್ವಲ್ಪ ಇಳಿದು ಮತ್ತೆ ನಿಲ್ಲಬೇಕು. ಸರ್ರನೆ ಇಳಿದರೆ ಸಡಿಲ, ಅಲುಗದಿದ್ದರೆ ಬಿಗಿ. ತಿರುಪನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ತಿರುಗಿಸುವ ಮುನ್ನ ಬಾಬಿನ್ ಕೇಸಿನ ತಗಡಿನ ಕೆಳಗಿನ ನೂಲಿನ ಧೂಳು ತೆಗೆಯಬೇಕು. ಹಲವು ಬಾರಿ ಅದೇ ಕಾರಣವಾಗಿರುತ್ತದೆ.

ಬಟ್ಟೆ ಸುಕ್ಕುಗಟ್ಟುವುದು: ಹೊಲಿಗೆ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ. ಕೆಳಗಿನ ಪೇಪರ್ ಆ ಎಳೆತವನ್ನು ತಡೆಯಬೇಕು. ಟೀ ಶರ್ಟ್‌ನಂಥ ಹಿಗ್ಗುವ ಬಟ್ಟೆಗೆ ಕತ್ತರಿಸಿ ತೆಗೆಯುವ ಗಟ್ಟಿ ಪೇಪರ್, ಹಿಗ್ಗದ ನೇಯ್ದ ಬಟ್ಟೆಗೆ ಹರಿದು ತೆಗೆಯುವ ಪೇಪರ್ ಬಳಸುತ್ತಾರೆ. ಕಾಸರಗೋಡು ಸೀರೆಯಂಥ ಹತ್ತಿ ಬಟ್ಟೆಗೆ ಹಗುರ ಡಿಸೈನೇ ಒಪ್ಪುತ್ತದೆ. ದಟ್ಟ ಡಿಸೈನಿಗೆ ಎಷ್ಟು ಪೇಪರ್ ಇಟ್ಟರೂ ತೆಳು ಬಟ್ಟೆ ಸುಕ್ಕಾಗುತ್ತದೆ. ಸೋಲಾಪುರದ ಟರ್ಕಿ ಟವೆಲ್, ಮಖಮಲ್ ಮುಂತಾದ ಎಳೆ ಎದ್ದ ಬಟ್ಟೆಯ ಮೇಲ್ಭಾಗಕ್ಕೆ ನೀರಿನಲ್ಲಿ ಕರಗುವ ತೆಳು ಹಾಳೆ ಇಡಬೇಕು. ಇಲ್ಲವಾದರೆ ಹೊಲಿಗೆ ಎಳೆಗಳೊಳಗೆ ಮುಳುಗುತ್ತದೆ.

ರೇಷ್ಮೆಯ ಮೇಲೆ ಫ್ರೇಮಿನ ಗುರುತು: ಪೇಪರನ್ನು ಮಾತ್ರ ಫ್ರೇಮಿಗೆ ಬಿಗಿದು, ರೇಷ್ಮೆಯನ್ನು ಅದರ ಮೇಲೆ ಹರಡಿ ಸುತ್ತ ದೊಡ್ಡ ಹೊಲಿಗೆಯಿಂದ ಹಿಡಿಸಬೇಕು. ಈ ಹಿಡಿಸುವ ಹೊಲಿಗೆ ಕತ್ತರಿಸಿ ಹೋಗುವ ಭಾಗದಲ್ಲೇ ಬೀಳಬೇಕು. ಕಸೂತಿ ಮುಗಿಯುವ ತನಕ ರವಿಕೆಯನ್ನು ಕತ್ತರಿಸಬಾರದು. ಅಳತೆಯ ಗೆರೆ ಹಾಕಿ, ಕಸೂತಿ ಮಾಡಿ, ಆಮೇಲೆ ಕತ್ತರಿಸುವುದು ಕ್ರಮ.

ಅಂಚಿನ ಗೆರೆ ಸರಿದು ಕಾಣುವುದು: ಎಲೆಯ ಹಸಿರಿಗೂ ಸುತ್ತಲಿನ ಜರಿ ಗೆರೆಗೂ ನಡುವೆ ಬಟ್ಟೆ ಕಂಡರೆ ಬಟ್ಟೆ ಫ್ರೇಮಿನಲ್ಲಿ ಸಡಿಲವಿರಬಹುದು. ಬಿಗಿಯಾಗಿದ್ದೂ ಹೀಗಾದರೆ ಪಂಚಿಂಗ್ ದೋಷ. ಹೊಲಿಗೆ ಎಳೆಯುವಷ್ಟು ಜಾಗವನ್ನು ಮೊದಲೇ ಹೆಚ್ಚಿಗೆ ಕೊಟ್ಟಿರಬೇಕು, ಅಡಿಹೊಲಿಗೆ ಇರಬೇಕು. ಇದನ್ನು ಮೂಲ ಫೈಲಿನಲ್ಲೇ ತಿದ್ದಬೇಕು.

ಹೊಲಿಗೆ ತಪ್ಪುವುದು, ಸೂಜಿ ಮುರಿಯುವುದು: ಸೂಜಿ ಪೂರ್ತಿ ಮೇಲಕ್ಕೆ ಹೋಗಿದೆಯೇ ನೋಡಬೇಕು. ಚಪ್ಪಟೆ ಬುಡದ ಮನೆಬಳಕೆ ಸೂಜಿಯಲ್ಲಿ ಚಪ್ಪಟೆ ಭಾಗ ಹಿಂದಕ್ಕೆ ಇರಬೇಕು. ಸಾಮಾನ್ಯ ಕೆಲಸಕ್ಕೆ 75/11, ದಪ್ಪ ಬಟ್ಟೆಗೆ 90/14, ಹೆಣೆದ ಬಟ್ಟೆಗೆ ದುಂಡು ತುದಿಯ ಸೂಜಿ ಹೊಂದುತ್ತವೆ. ಸೂಜಿ ಮುರಿದರೆ ಎಲ್ಲ ಚೂರುಗಳೂ ಸಿಗುವ ತನಕ ಮಷಿನ್ ಓಡಿಸಬಾರದು. ಹೊಸ ಸೂಜಿ ಹಾಕಿದರೂ ಹೊಲಿಗೆ ತಪ್ಪುತ್ತಿದ್ದರೆ ಹುಕ್‌ನ ಟೈಮಿಂಗ್ ಕೆಟ್ಟಿರಬಹುದು. ಅದು ಮೆಕ್ಯಾನಿಕ್ ಕೆಲಸ.

ಕರೆಂಟ್ ಹೋಗುವುದು: ಎಷ್ಟನೇ ಹೊಲಿಗೆಯಲ್ಲಿ ನಿಂತಿತೆಂಬುದನ್ನು ಅನೇಕ ಮಷಿನುಗಳು ನೆನಪಿಡುತ್ತವೆ, ಎಲ್ಲವೂ ಅಲ್ಲ. ಬಣ್ಣ ಬದಲಿಸುವಾಗಲೆಲ್ಲ ಹೊಲಿಗೆಯ ಸಂಖ್ಯೆ ಬರೆದುಕೊಂಡರೆ ಅಲ್ಲಿಂದ ಮುಂದುವರಿಸಬಹುದು. ಬಟ್ಟೆಯನ್ನು ಫ್ರೇಮಿನಿಂದ ಬಿಚ್ಚಬಾರದು. ಬಿಚ್ಚಿದರೆ ಅದೇ ಜಾಗಕ್ಕೆ ಮತ್ತೆ ಕೂರಿಸುವುದು ಬಹಳ ಕಷ್ಟ. ಯುಪಿಎಸ್ ಇದ್ದರೆ ನಡೆಯುತ್ತಿರುವ ಬಣ್ಣ ಮುಗಿಸಿ ನಿಲ್ಲಿಸಲು ಸಮಯ ಸಿಗುತ್ತದೆ.

ಹೆಸರು, ಅಕ್ಷರ ಹೊಲಿಯುವಾಗ

ಒಂದೇ ಅಂಗಡಿಗೆ ಕನ್ನಡ, ಮರಾಠಿ, ಮಲಯಾಳಂ, ತೆಲುಗು, ತಮಿಳು ಹೆಸರುಗಳು ಬರುತ್ತವೆ. ಮಷಿನಿನೊಳಗೇ ಬರುವ ಅಕ್ಷರಗಳು ಹೆಚ್ಚಾಗಿ ಇಂಗ್ಲಿಷಿನವು. ನಮ್ಮ ಲಿಪಿಗಳನ್ನು ಪಂಚ್ ಮಾಡಿಸಬೇಕು. ಹಳೆಯ ಕೆಲವು ಚಿತ್ರ ತಂತ್ರಾಂಶಗಳಲ್ಲಿ ಯುನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಒಡೆದು ಪಕ್ಕದಲ್ಲಿ ಬೀಳುತ್ತದೆ. ಪಂಚಿಂಗ್ ಮಾಡುವವರಿಗೆ ಕನ್ನಡ ಬಾರದಿದ್ದರೆ ಅದು ತಪ್ಪೆಂದು ಅವರಿಗೆ ತಿಳಿಯುವುದೂ ಇಲ್ಲ. ಹೆಸರನ್ನು ಸರಿಯಾಗಿ ಅಚ್ಚಾದ ಚಿತ್ರವಾಗಿ ಕಳುಹಿಸಿ, ಬಂದ ಡಿಸೈನನ್ನು ಅಕ್ಷರ ಅಕ್ಷರ ಹೋಲಿಸಿ ನೋಡಬೇಕು.

40ನೇ ನಂಬರ್ ದಾರದಲ್ಲಿ ಇಂಗ್ಲಿಷ್ ದೊಡ್ಡಕ್ಷರ 5–6 ಮಿ.ಮೀ. ಎತ್ತರಕ್ಕೂ ಓದಲು ಬರುತ್ತದೆ. ಒತ್ತು, ಕೊಂಬು, ದೀರ್ಘ ಇರುವ ಕನ್ನಡ, ತೆಲುಗು ಅಕ್ಷರಕ್ಕೆ ಅದರ ಇಮ್ಮಡಿ ಇದ್ದರೆ ಚೆನ್ನ. ಸಣ್ಣದಾಗಿಯೇ ಬೇಕಿದ್ದರೆ 60ನೇ ನಂಬರ್ ತೆಳು ದಾರ, ಸಣ್ಣ ಸೂಜಿ ಬಳಸಬೇಕು. ಮರಾಠಿ ಅಕ್ಷರದ ಮೇಲಿನ ಗೆರೆ ಅಕ್ಷರದಿಂದ ಬಿಟ್ಟು ನಿಲ್ಲದಂತೆ ಎರಡೂ ಸ್ವಲ್ಪ ಒಂದರ ಮೇಲೊಂದು ಬರುವ ಹಾಗೆ ಪಂಚ್ ಮಾಡಿಸಬೇಕು.

ಹೆಸರನ್ನು ಗಿರಾಕಿಯ ಕೈಯಿಂದಲೇ ನೋಂದಣಿ ಪುಸ್ತಕದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಶ ಇರಬೇಕಾದಲ್ಲಿ ಷ ಬಿದ್ದರೆ ಅದು ಯಾರ ತಪ್ಪೆಂಬ ಜಗಳಕ್ಕೆ ಆಸ್ಪದವಿರುವುದಿಲ್ಲ.

ಕೈಕಸೂತಿಗೂ ಮಷಿನ್ ಕಸೂತಿಗೂ ಭೇದ

ಧಾರವಾಡ ಸೀಮೆಯ ಕಸೂತಿಯ ಗೋಪುರ, ತೇರು, ಆನೆ, ತುಳಸಿ ವೃಂದಾವನಗಳನ್ನು ಮಷಿನಿನಲ್ಲಿ ಹಾಕಿಕೊಡುವಂತೆ ಕೇಳುವವರಿದ್ದಾರೆ. ಗವಂತಿ, ಮುರಗಿ, ನೇಗಿ, ಮೆಂತ್ಯ ಎಂಬ ಹೊಲಿಗೆಗಳಲ್ಲಿ ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ಮಾಡುವ ಕೆಲಸ ಅದು. ಗವಂತಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಮಷಿನಿನಲ್ಲಿ ಹಿಂಬದಿಗೆ ಬಾಬಿನ್ ದಾರ ಬರುವುದರಿಂದ ಆ ಗುಣ ಬರುವುದಿಲ್ಲ. ಈ ಕಸೂತಿಗೆ ಭೌಗೋಳಿಕ ಸೂಚಿ ಮಾನ್ಯತೆ ಇದೆ. ಸಂಡೂರಿನ ಲಂಬಾಣಿ ಕಸೂತಿಗೂ, ನೀಲಗಿರಿಯ ತೋಡರ ಕಸೂತಿಗೂ ಇದೆ. ಮಷಿನಿನ ಕೆಲಸವನ್ನು 'ಕಸೂತಿ ಮಾದರಿಯ ಮಷಿನ್ ಡಿಸೈನ್' ಎಂದು ಹೇಳಿ ಮಾರುವುದು ನ್ಯಾಯ. ಕೈಕೆಲಸವೆಂದು ಹೇಳಿ ಮಾರಿದರೆ ಕೈಯಿಂದ ಮಾಡಿ ಬದುಕುವ ಹೆಣ್ಣುಮಕ್ಕಳ ಕೂಲಿಗೆ ಪೆಟ್ಟು ಬೀಳುತ್ತದೆ.

ಹಣ ಕೊಟ್ಟು ಕೊಂಡ ಡಿಸೈನಿಗೂ ಷರತ್ತುಗಳಿರುತ್ತವೆ. ಅದರಿಂದ ಬಟ್ಟೆ ಹೊಲಿದು ಮಾರಲು ಅನುಮತಿ ಇದ್ದರೂ ಫೈಲನ್ನು ಇತರರಿಗೆ ಹಂಚಲು ಇರಲಿಕ್ಕಿಲ್ಲ. ಕಂಪನಿಗಳ ಲಾಂಛನವನ್ನು ಅವರ ಒಪ್ಪಿಗೆ ಇಲ್ಲದೆ ಹೊಲಿದು ಮಾರಿದರೆ 1999ರ ಟ್ರೇಡ್ ಮಾರ್ಕ್ ಕಾಯ್ದೆಯ ಕೆಳಗೆ ತೊಂದರೆಯಾಗಬಹುದು. ಶಾಲೆಯ ಸಮವಸ್ತ್ರಕ್ಕೆ ಶಾಲೆಯಿಂದಲೇ ಲಿಖಿತ ಆರ್ಡರ್ ಪಡೆಯಬೇಕು. ಸಮವಸ್ತ್ರಕ್ಕೆ ರೇಯಾನ್ ಬದಲು ಪಾಲಿಯೆಸ್ಟರ್ ದಾರ ಬಳಸಿದರೆ ಪದೇ ಪದೇ ಒಗೆದರೂ ತಾಳುತ್ತದೆ.

ಗಿರಾಕಿಯ ಬಟ್ಟೆ ಹಾಕುವ ಮುನ್ನ

ಈ ಪಟ್ಟಿಯನ್ನು ಬರೆದು ಮಷಿನಿನ ಪಕ್ಕದ ಗೋಡೆಗೆ ಅಂಟಿಸಬಹುದು.

1. ಫೈಲಿನ ಅಂಕಿಯೂ ಪುಸ್ತಕದ ಅಂಕಿಯೂ ಒಂದೇ ಇದೆಯೇ?
2. ಎಡ, ಬಲ, ಮೇಲೆ, ಕೆಳಗೆ ಸರಿ ಇದೆಯೇ?
3. ಬಣ್ಣಗಳ ಕ್ರಮ ಎದುರಿಗಿದೆಯೇ?
4. ಹೊಸ ಸೂಜಿ, ತುಂಬಿದ ಬಾಬಿನ್, ಸರಿಯಾದ ಪೇಪರ್ ಇದೆಯೇ?
5. ಇದೇ ಬಗೆಯ ಚೂರು ಬಟ್ಟೆಯ ಮೇಲೆ ಒಮ್ಮೆ ಹೊಲಿದು ನೋಡಲಾಗಿದೆಯೇ?
6. ಫ್ರೇಮಿನ ಸುತ್ತ ಸೂಜಿ ಓಡಿಸಿ, ಡಿಸೈನ್ ಅಳತೆಯ ಗೆರೆಯೊಳಗೆ ಬರುವುದೆಂದು ನೋಡಲಾಗಿದೆಯೇ?
7. ಬಟ್ಟೆಯ ಮಡಿಕೆ, ಸೆರಗು ಫ್ರೇಮಿನ ಕೆಳಗೆ ಸಿಕ್ಕಿಲ್ಲವೇ?

ಏಳಕ್ಕೂ ಸರಿಯಾದ ಉತ್ತರ ಸಿಕ್ಕ ಮೇಲೆ ಮಷಿನ್ ಶುರು ಮಾಡಬೇಕು. ದಿನದ ಕೊನೆಗೆ ಹುಕ್ ಬಳಿಯ ನೂಲಿನ ಧೂಳನ್ನು ಬ್ರಷ್‌ನಿಂದ ತೆಗೆದು, ಮಷಿನಿನ ಪುಸ್ತಕ ಹೇಳಿದ ಜಾಗಕ್ಕೆ ಮಾತ್ರ ಎಣ್ಣೆ ಬಿಡಬೇಕು. ಎಣ್ಣೆ ಬೇಡವೆಂದು ಪುಸ್ತಕದಲ್ಲಿ ಹೇಳಿರುವ ಮಷಿನಿಗೆ ಬಿಡಬಾರದು. ಎಣ್ಣೆ ಬಿಟ್ಟ ಮರುದಿನ ಮೊದಲು ಚೂರು ಬಟ್ಟೆಯ ಮೇಲೆ ಓಡಿಸಿ, ಕಲೆ ಬೀಳುವುದಿಲ್ಲವೆಂದು ಖಚಿತವಾದ ಮೇಲೆ ಗಿರಾಕಿಯ ಬಟ್ಟೆಗೆ ಕೈ ಹಾಕಬೇಕು.